ಸೋರುವುದು ನಿಂತ ಗಾಡಿ

ಮಲಪ್ರಭೆಯ ದಂಡೆಯ ಮೇಲೊಂದು ಮಠ. ಮಠಕ್ಕೊಬ್ಬರು ಅಜ್ಜನವರು, ಅವರಿಗೊಬ್ಬ ಶಿಷ್ಯ. ಇಬ್ಬರಿಗೂ ಸೇರಿ ಒಂದು ಹಳೆಯ ಡೀಸೆಲ್ ಪಿಕಪ್.

ಗಾಡಿ ಮೊದಲು ಉಳ್ಳಾಗಡ್ಡಿ ಹೇರುತ್ತಿತ್ತು. ಹೇರಿ ಹೇರಿ ಸೋತ ಮೇಲೆ ಅದರ ಯಜಮಾನ ಮುದಿ ಎತ್ತನ್ನು ಬಿಡುವ ಹಾಗೆ ಅದನ್ನು ಮಠಕ್ಕೆ ತಂದು ಬಿಟ್ಟ. ಅಜ್ಜನವರು ಅದಕ್ಕೆ ಬೇರೆ ಕೆಲಸ ಹಚ್ಚಿದರು. ಮಂಗಳವಾರ ಮತ್ತು ಶುಕ್ರವಾರ ಅದು ದಂಡೆಯ ಊರುಗಳಿಂದ ಕಿಡ್ನಿ ಕೆಟ್ಟವರನ್ನು ಕೂರಿಸಿಕೊಂಡು ತಾಲ್ಲೂಕಿನ ಆಸ್ಪತ್ರೆಗೆ ಹೋಗುತ್ತಿತ್ತು. ಅಲ್ಲಿ ಅವರನ್ನು ಯಂತ್ರಕ್ಕೆ ಹಚ್ಚಿ ರಕ್ತ ತೊಳೆಯುತ್ತಿದ್ದರು. ಒಂದು ಪಾಳಿ ತಪ್ಪಿದರೆ ಕಾಲು ಬಾಯುತ್ತಿತ್ತು. ಇನ್ನೊಂದು ತಪ್ಪಿದರೆ ಉಸಿರು ಕಟ್ಟುತ್ತಿತ್ತು. ಆ ದಾರಿಗೆ ಬೇರೆ ಗಾಡಿ ಇರಲಿಲ್ಲ.

ಅದನ್ನು ಓಡಿಸುವುದು, ನೋಡಿಕೊಳ್ಳುವುದು ಶಿಷ್ಯ ನಿಜಗುಣನ ಪಾಲಿಗೆ ಬಂತು. ಅವನು ಮಠಕ್ಕೆ ಬಂದದ್ದು ಶಾಸ್ತ್ರ ಕಲಿಯಲು.

“ಅಜ್ಜಾರ, ನನ್ನ ಪಾಠ ಯಾವಾಗ ಸುರು ಮಾಡ್ತೀರಿ?” ಎಂದು ಒಮ್ಮೆ ಕೇಳಿದ.

“ಚಾವಿ ಕೊಟ್ಟೀನಲ್ಲ,” ಎಂದರು ಅಜ್ಜನವರು.

ದಿನ ಬೆಳಗಾದರೆ ಅಜ್ಜನವರು ಸ್ನಾನಕ್ಕೆ ಹೊಳೆಗೆ ಇಳಿಯುವ ಮುಂಚೆ ಗಾಡಿಯ ಹತ್ತಿರ ಬರುತ್ತಿದ್ದರು. ಮಂಡಿಯೂರಿ ಅದರ ಹೊಟ್ಟೆಯ ಕೆಳಗಿನ ಮರಳು ನೋಡುತ್ತಿದ್ದರು. ಅಲ್ಲಿ ಅಂಗೈ ಅಗಲದ ಎಣ್ಣೆಯ ಕರೆ ಇರುತ್ತಿತ್ತು. ನೋಡಿ ತಲೆಯಾಡಿಸಿ ಏಳುತ್ತಿದ್ದರು. ಎದ್ದು ನಿಜಗುಣನ ಮುಖ ನೋಡುತ್ತಿದ್ದರು. ಆಮೇಲೆ ಹೊಳೆಗೆ.

ಮರಳು ನೋಡುವುದೇನೋ ಸರಿ. ನನ್ನ ಮುಖವನ್ನೇಕೆ ನೋಡಬೇಕು? ನಿಜಗುಣನಿಗೆ ಅದು ಒಳಗೊಳಗೇ ಚುಚ್ಚುತ್ತಿತ್ತು. ಕೆಲಸಗಳ್ಳ ಆಳನ್ನು ನೋಡಿದ ಹಾಗೆ ದಿನವೂ ನೋಡುತ್ತಾರಲ್ಲ ಅನಿಸುತ್ತಿತ್ತು.

ಎಣ್ಣೆ ಸೋರುವುದೂ ಅವನಿಗೆ ಅವಮಾನವೇ. ಮಠಕ್ಕೆ ಬಂದವರು ಬಿಡುತ್ತಿರಲಿಲ್ಲ.

“ಏನೋ ನಿಜಗುಣ, ಅಜ್ಜಾರ ಗಾಡಿಗೆ ಇನ್ನೂ ನೆಗಡಿ ಹೋಗಿಲ್ಲೇನು?”

ಅವನು ಗ್ಯಾರೇಜಿನ ಮಿಸ್ತ್ರಿಯನ್ನು ಕರೆತಂದು ತೋರಿಸಿದ. ಮಿಸ್ತ್ರಿ ಗಾಡಿಯ ಕೆಳಗೆ ತೂರಿ ಹೊರಬಂದು ಏನು ಹೇಳಿದನೋ ಅದನ್ನು ನಿಜಗುಣ ಅಜ್ಜನವರಿಗೆ ಬಂದು ಒಪ್ಪಿಸಿದ.

“ಎಣ್ಣೆ ತಡೆಯೂ ಒಳಗಿನ ಸೀಲ್ ಸವದೈತ್ರಿ. ಇಂಜಿನ್ ಇಳಿಸಿ ಬಿಚ್ಚಬೇಕಂತ.”

“ಎಷ್ಟ ದಿವಸ?”

“ಸಾಮಾನು ಹೊರಗಿಂದ ಬರಬೇಕ್ರಿ. ಹದಿನೈದ ದಿವಸ ಹಿಡದೀತು.”

“ಅಲ್ಲೀತನಾ ಪಾರವ್ವ ಎದರ ಮ್ಯಾಲೆ ಹೋಗಬೇಕು?”

ಪಾರವ್ವ ಮಗ್ಗದ ಮನೆಯವಳು. ಆಸ್ಪತ್ರೆಗೆ ಹೋಗುವಾಗ ಗಾಡಿಯ ಮುಂದಿನ ಸೀಟು ಅವಳದು.

“ಸೋರಲಿ. ಸೋರಿದಷ್ಟು ಹಾಕು. ಹಾಕೂಕಿಂತ ಮೊದಲು ನೋಡು,” ಎಂದರು ಅಜ್ಜನವರು.

ಹೀಗೆ ಪಾಠ ನಡೆಯಿತು. ದಿನವೂ ಇಂಜಿನ್ನಿನ ಕಡ್ಡಿ ಎಳೆದು ಎಣ್ಣೆಯ ಮಟ್ಟ ನೋಡಬೇಕು. ಡೀಸೆಲ್ ಫಿಲ್ಟರಿನ ತಳದಲ್ಲಿ ಕೂತ ನೀರು ಬಿಡಬೇಕು. ಎರೆಹೊಲದ ದೂಳು ತಿಂದ ಏರ್ ಫಿಲ್ಟರ್ ಕೊಡವಬೇಕು. ಬೆಳಿಗ್ಗೆ ಚಾಲೂ ಮಾಡಿದ ಮೇಲೆ ತುಸು ಹೊತ್ತು ಹಾಗೇ ನಿಲ್ಲಿಸಬೇಕು.

“ಮುದುಕರನ್ನ ಎಬ್ಬಿಸಿದ ಕೂಡಲೆ ಓಡಸಬಾರದು,” ಅನ್ನುತ್ತಿದ್ದರು ಅಜ್ಜನವರು.

ಶ್ರಾವಣ ಬಂತು. ಅಜ್ಜನವರು ಪುರಾಣ ಹೇಳಲು ಹೊಳೆಯಾಚೆಯ ಊರಿಗೆ ಹೊರಟರು. ಹೊರಡುವಾಗ ಪೂಜೆಗೆಂದು ಒಂದು ವಿಭೂತಿ ಗಟ್ಟಿಯನ್ನು ನಿಜಗುಣನ ಕೈಗಿಟ್ಟರು.

“ಮರಳು ನೋಡು,” ಎಂದರು.

ಅಂದು ಸಂಜೆ ನಿಜಗುಣ ಬಾನೆಟ್ ಎತ್ತಿದ. ವಿಭೂತಿ ನೆನೆಸಿ ಇಂಜಿನ್ನಿನ ಮೇಲೆ ಮೂರು ಬೆರಳು ಎಳೆದ. ಕಣ್ಣು ಮುಚ್ಚಿ ಕೈ ಜೋಡಿಸಿದ.

“ಅಜ್ಜಾರು ತಿರುಗಿ ಬರೂದ್ರೊಳಗ ಈ ಸೋರೂದು ನಿಲ್ಲಲಿ.”

ಶ್ರಾವಣವೆಂದರೆ ಮಠಕ್ಕೆ ಜನ, ಜನವೆಂದರೆ ದಾಸೋಹ. ಕಟ್ಟಿಗೆ ಹೇರು, ನೀರು ಹೇರು, ಪಾತ್ರೆ ತೊಳೆ. ಎಣ್ಣೆ ಹಾಕುವುದು ಇವತ್ತಿನದು ನಾಳೆಗೆ ಹೋಯಿತು, ನಾಳೆಯದು ನಾಡಿದ್ದಿಗೆ. ಒಂದು ಬೆಳಿಗ್ಗೆ ಮರಳು ನೋಡಿದರೆ ಅಂಗೈ ಅಗಲದ ಕರೆ ನಾಣ್ಯದಷ್ಟಾಗಿತ್ತು. ಕೆಲವು ದಿನಕ್ಕೆ ಕಡಲೆಯಷ್ಟಾಯಿತು. ಆಮೇಲೆ ಅದೂ ಇಲ್ಲ.

ಅವನು ಮರಳನ್ನು ಮುಟ್ಟಿ ನೋಡಿದ. ಬೆರಳಿಗೆ ಏನೂ ಹತ್ತಲಿಲ್ಲ. ಮೈ ಜುಮ್ಮೆಂದಿತು.

ಬಾನೆಟ್ ಎತ್ತಿದ. ರೂಢಿಯ ಕೈ ಕಡ್ಡಿಯ ಕಡೆ ಹೋಯಿತು. ಹೋದ ಕೈ ಅಲ್ಲೇ ನಿಂತಿತು. ಗುರುಗಳ ವಿಭೂತಿ ಕೆಲಸ ಮಾಡಿದೆ. ಮಾಡಿದ ಮೇಲೂ ಕಡ್ಡಿ ಎಳೆದು ನೋಡುವುದೇ? ಪ್ರಸಾದವನ್ನು ಯಾರಾದರೂ ತಕ್ಕಡಿಗೆ ಹಾಕಿ ತೂಗುತ್ತಾರೆಯೇ?

ಬಾನೆಟ್ ಮುಚ್ಚಿದ.

ಆ ಮಂಗಳವಾರ ಆಸ್ಪತ್ರೆಯಿಂದ ತಿರುಗಿ ಬರುವಾಗ, ಕೆರೆಯ ತಿರುವಿನಲ್ಲಿ ಸ್ಟೇರಿಂಗಿನ ಹಿಂದೆ ಒಂದು ಕೆಂಪು ದೀಪ ಮಿನುಗಿ ಆರಿತು.

“ತಮ್ಮಾ, ಅದೇನೋ ಕೆಂಪಗ ಕಣ್ಣ ಹೊಡೀತಲ್ಲೋ?” ಎಂದಳು ಪಾರವ್ವ.

“ಹಳೇ ಗಾಡಿ ಬೇ. ವೈರು ಸಡಲ ಆಗಿರಬೇಕು.”

“ನನಗ ಹೊಡದದ್ದಲ್ಲ ಬಿಡು. ಈ ವಯಸ್ಸಿನಾಗ ನನಗ್ಯಾರು ಹೊಡೀತಾರು?”

ಇಬ್ಬರೂ ನಕ್ಕರು. ಊರು ಬಂತು. ಅವನು ಅದನ್ನು ಮರೆತ.

ಸುದ್ದಿ ಹರಡಿತು. ನೆಗಡಿ ಎಂದು ಹಂಗಿಸಿದವರೇ ಬಂದು ಮರಳು ಮುಟ್ಟಿ ಕಣ್ಣಿಗೊತ್ತಿಕೊಂಡರು. ಬಂಪರಿಗೆ ಹೂವಿನ ಹಾರ ಬಿತ್ತು.

ಶ್ರಾವಣ ಮುಗಿದ ಮೊದಲ ಶುಕ್ರವಾರ ಬೆಳಿಗ್ಗೆ ಅಜ್ಜನವರು ಯಾರದೋ ಮೋಟಾರ್ ಸೈಕಲ್ಲಿನ ಹಿಂದೆ ಕೂತು ಬಂದಿಳಿದರು. ಗಾಡಿ ಹೊರಡಲು ಸಿದ್ಧವಾಗಿತ್ತು. ಹಿಂದೆ ಹಾಸಿಗೆ ಹಾಸಿ ಇಬ್ಬರು ಕೂತಿದ್ದರು. ಪಾರವ್ವ ಮುಂದಿನ ಸೀಟಿನಲ್ಲಿದ್ದಳು. ಬಾತ ಕಾಲಿಗೆ ಹಿಡಿಸದ ಚಪ್ಪಲಿಗಳನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಒಬ್ಬ ಭಕ್ತ ಗಾಲಿಯ ಮುಂದೆ ಒಡೆಯಲು ತೆಂಗಿನಕಾಯಿ ಹಿಡಿದು ನಿಂತಿದ್ದ.

ನಿಜಗುಣ ಓಡಿ ಬಂದು ಕಾಲಿಗೆ ಬಿದ್ದ.

“ಅಜ್ಜಾರ, ನಿಮ್ಮ ವಿಭೂತಿ ಪವಾಡ ಮಾಡೇತ್ರಿ. ಸೋರೂದು ನಿಂತೈತಿ!”

ಅಜ್ಜನವರು ಮಂಡಿಯೂರಿ ಮರಳು ನೋಡಿದರು. ತಲೆಯಾಡಿಸಲಿಲ್ಲ. ಎದ್ದು ನಿಜಗುಣನ ಮುಖ ನೋಡಿದರು. ಅಂದು ತುಸು ಹೆಚ್ಚು ಹೊತ್ತು ನೋಡಿದರು.

“ಚಾವಿ.”

ನಿಜಗುಣ ಕೊಟ್ಟ. ಅವರು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

“ಬಾನೆಟ್ ಎತ್ತು.”

ಇಂಜಿನ್ನಿನ ಮೇಲೆ ಮೂರು ಬೆರಳಿನ ವಿಭೂತಿ ಒಣಗಿ ಬೆಳ್ಳಗೆ ಕೂತಿತ್ತು. ಅಜ್ಜನವರು ಅದಕ್ಕೆ ಕೈ ಮುಗಿದರು. ಆಮೇಲೆ ಕಡ್ಡಿ ಎಳೆದರು. ಕಾವಿಯ ಅಂಚಿಗೆ ಒರೆಸಿದರು. ಮತ್ತೆ ಇಳಿಸಿ, ಮತ್ತೆ ಎಳೆದು, ನಿಜಗುಣನ ಕೈಗೆ ಕೊಟ್ಟರು.

ಕಡ್ಡಿಯ ತುದಿಯಲ್ಲಿ ಒಂದಿಷ್ಟು ಪಸೆ. ಮೇಲೆಲ್ಲ ಒಣ ಕಬ್ಬಿಣ.

ಕಾಯಿ ಹಿಡಿದವನು ಅದನ್ನು ಬೆನ್ನ ಹಿಂದೆ ಸರಿಸಿಕೊಂಡ.

ಪಾರವ್ವ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

“ನಮ್ಮ ಮನ್ಯಾಗೂ ಒಂದ ತೂತಿನ ಕೊಡಾ ಐತೋ ತಮ್ಮಾ. ನೀರ ಹಾಕದಿದ್ದರ ಅದೂ ಸೋರಂಗಿಲ್ಲ.”

ಯಾರೋ ಕಿಸಕ್ಕೆಂದರು. ನಿಜಗುಣನಿಗೆ ನಗು ಬರಲಿಲ್ಲ. ಕೆರೆಯ ತಿರುವಿನಲ್ಲಿ ಮಿನುಗಿದ, ಎಣ್ಣೆ ಸಾಲದೆಂದು ಹೇಳುವ ಕೆಂಪು ದೀಪ ಕಣ್ಣ ಮುಂದೆ ಬಂತು. ಆ ತಿರುವು ದಾಟಿದರೆ ಒಂದು ಗಿಡದ ನೆರಳೂ ಇಲ್ಲದ ಎರೆ ಬಯಲು. ಅಲ್ಲಿ ಎಣ್ಣೆಯಿಲ್ಲದೆ ಇಂಜಿನ್ ಕಚ್ಚಿಕೊಂಡು ನಿಂತ ಗಾಡಿ. ಆ ಗಾಡಿಯಲ್ಲಿ ಚಪ್ಪಲಿ ಹಿಡಿಸದ ಈ ಕಾಲು.

ಎಣ್ಣೆಯ ಡಬ್ಬಿ ತಂದ. ಅವಸರದಲ್ಲಿ ಸುರಿಯುವಾಗ ಒಂದಿಷ್ಟು ಹೊರಗೆ ಚೆಲ್ಲಿತು.

“ಗಡಬಡಿ ಬ್ಯಾಡ. ಕೆಳಗ ಇಳೀಲಿ,” ಎಂದರು ಅಜ್ಜನವರು.

“ಅಜ್ಜಾರ, ಹೊತ್ತಾತು. ನನ್ನ ಯಂತ್ರಾ ಇನ್ನೊಬ್ಬರಿಗೆ ಕೊಟ್ಟಬಿಟ್ಟಾರು,” ಎಂದಳು ಪಾರವ್ವ.

ಅಜ್ಜನವರು ತಮ್ಮನ್ನು ಕರೆತಂದ ಮೋಟಾರ್ ಸೈಕಲ್ಲಿನವನ ಕಡೆ ತಿರುಗಿದರು.

“ನೀ ಮುಂದ ಹೋಗಿ ಹೇಳು. ಬರಾಕತ್ತಾರು, ತಡಾ ಆಗತೈತಿ ಅಂತ.”

ಅವನು ಹೋದ. ಉಳಿದವರು ಕಾದರು. ಎಣ್ಣೆ ಇಳಿದ ಮೇಲೆ ನಿಜಗುಣ ಕಡ್ಡಿ ಎಳೆದ. ಸಾಲದು. ಮತ್ತೆ ಹಾಕಿದ, ಮತ್ತೆ ಕಾದ, ಮತ್ತೆ ಎಳೆದ. ಎಣ್ಣೆ ಮೇಲಿನ ಗೆರೆ ಮುಟ್ಟಿತು. ಕಡ್ಡಿಯನ್ನು ಎರಡೂ ಕೈಯಲ್ಲಿ ಹಿಡಿದು ಅಜ್ಜನವರಿಗೆ ತೋರಿಸಿದ.

ಅವರು ಸೊಂಟದ ಚಾವಿ ತೆಗೆದು ಕೊಟ್ಟರು.

ಇಂಜಿನ್ ಎದ್ದಿತು. ಮೊದಲು ಕಟಕಟ ಹಲ್ಲು ಕಡಿಯಿತು. ಕೆಂಪು ದೀಪ ಆರಿತು. ಸದ್ದು ಮೆಲ್ಲಗೆ ಮೆತ್ತಗಾಗಿ, ಹಳೆಯ ಕೆಮ್ಮಿನ ಹಾಗೆ ಒಂದು ಲಯಕ್ಕೆ ಬಂತು. ಅಜ್ಜನವರು ಕಿವಿಗೊಟ್ಟು ಅದನ್ನು ಕೇಳಿ ಕೈ ಬೀಸಿದರು. ತೆಂಗಿನಕಾಯಿ ಒಡೆಯದೆಯೇ ಗಾಡಿ ಹೊರಟಿತು.

ಕೆರೆಯ ತಿರುವಿನಲ್ಲಿ ನಿಜಗುಣ ದೀಪ ನೋಡಿದ. ಅದು ಹೊತ್ತಲಿಲ್ಲ. ಆಸ್ಪತ್ರೆಯಲ್ಲಿ ಪಾರವ್ವನ ಯಂತ್ರ ಅವಳಿಗಾಗಿ ಖಾಲಿ ಇತ್ತು. ಸಂಜೆ ಮನೆಯ ಮುಂದೆ ಇಳಿಯುವಾಗ ಅವಳು ಚಪ್ಪಲಿಗಳನ್ನು ನೆಲಕ್ಕೆ ಹಾಕಿ ಕಾಲು ತೂರಿಸಿದಳು. ಬಿಗಿಯಾದರೂ ಹಿಡಿಸಿದವು.

ಮರುದಿನ ಬೆಳಿಗ್ಗೆ ಮರಳಿನ ಮೇಲೆ ಅಂಗೈ ಅಗಲದ ಕರೆ ಬಿದ್ದಿತ್ತು. ನಿಜಗುಣ ಅದನ್ನು ಬಹಳ ಹೊತ್ತು ನೋಡಿದ. ಕಡ್ಡಿ ಎಳೆದ, ಒರೆಸಿದ, ನೋಡಿದ, ಬೇಕಾದಷ್ಟು ಹಾಕಿದ.

ಅಜ್ಜನವರು ಹೆಗಲಿಗೆ ಟವೆಲ್ಲು ಹಾಕಿಕೊಂಡು ಬಂದರು. ಮಂಡಿಯೂರಿದರು. ಮರಳು ನೋಡಿ ತಲೆಯಾಡಿಸಿದರು.

“ಅಜ್ಜಾರ,” ಎಂದ ನಿಜಗುಣ. ಕೈಯ ಮಸಿಯನ್ನು ನೋಡುತ್ತಲೇ ಹೇಳಿದ. “ಸೋರೂದು ನಿಂತ ದಿನ ಕಡ್ಡಿಗೆ ಕೈ ಹಾಕಿದ್ದೆ. ಎಳದರ ನಿಮ್ಮ ಮ್ಯಾಲೆ ಸಂಶೇ ಪಟ್ಟಂಗ ಆಗತೈತಿ ಅಂತ ಬಿಟ್ಟೆ.”

ಅಜ್ಜನವರು ಎದ್ದರು. ಎಂದಿನ ಹಾಗೆ ಅವನ ಮುಖ ನೋಡಿದರು.

“ನಾ ದಿನಾ ನಿನ್ನ ಮುಖಾ ನೋಡತೀನಿ. ಅದನ್ನ ಸಂಶೇ ಅಂತ ತಿಳದಿದ್ದೇನು ಇಷ್ಟ ದಿನ?”