ಚೆಲ್ಲಿದ ಮದ್ದು

"ಗುರುಗಳೇ, ಪಿಸ್ತೂಲಿನ ಕಾಡತೂಸು ತುಂಬಲು ಎಲ್ಲಕ್ಕಿಂತ ಅಗ್ಗವಾಗಿ ಬರುವ ಮದ್ದು ಯಾವುದು?" ಎಂದು ಬಿದ್ದಪ್ಪ ಕೇಳಿದ.

ಅವನು ದೇಚಮ್ಮನವರ ಬಳಿ ಗುರಿ ಹೊಡೆಯುವುದನ್ನು ಕಲಿಯುತ್ತಿದ್ದ. ಗುರಿ ಕೈಗೆ ಹತ್ತಿತ್ತು. ಈಗ ತನ್ನ ಕಾಡತೂಸುಗಳನ್ನು ತಾನೇ ತುಂಬಿಕೊಳ್ಳಲು ಅವರ ಅಪ್ಪಣೆಗೆ ಕಾದಿದ್ದ.

"ಚಿಟಿಕೆ ಹಾಕಿದರೆ ಸಾಕಾಗುವಂಥದ್ದೂ ಇದೆಯಂತೆ. ಒಂದು ಡಬ್ಬಿ ತಂದರೆ ವರ್ಷವಿಡೀ ಬರುತ್ತದಂತೆ."

"ಬರುತ್ತದೆ," ಎಂದರು ದೇಚಮ್ಮ. "ಕೂತುಕೋ. ಒಬ್ಬ ಅತ್ತೆಯ ಕತೆ ಹೇಳುತ್ತೇನೆ."

ಒಂದು ಊರಿನಲ್ಲಿ ಒಬ್ಬ ಅತ್ತೆ ಇದ್ದಳು. ಓದಿದವಳು. ಅವಳ ಮನೆಯಲ್ಲಿ ಉಪ್ಪಿನಿಂದ ಹಿಡಿದು ಊರುಗೋಲಿನವರೆಗೆ ಎಲ್ಲಕ್ಕೂ ಒಂದು ಜಾಗ, ಒಂದು ಅಳತೆ. ಅವಳ ಸೊಸೆ ಪಿಸ್ತೂಲಿನ ಪಂದ್ಯಗಳಲ್ಲಿ ಹೆಸರು ಮಾಡಿದವಳು. ಸೊಸೆಯ ಕಾಡತೂಸುಗಳನ್ನು ಅತ್ತೆಯೇ ತುಂಬುತ್ತಿದ್ದಳು, ಬೇರೆಯವರು ಮುಟ್ಟುವಂತಿರಲಿಲ್ಲ. ಹಿತ್ತಾಳೆಯ ಕೊಳವೆಗಳನ್ನು ಮರದ ತಟ್ಟೆಯಲ್ಲಿ ಸಾಲಾಗಿ ನಿಲ್ಲಿಸುವುದು, ಒಂದೊಂದಕ್ಕೂ ಅಳತೆಯ ಮದ್ದು ಹಾಕುವುದು, ಮೇಲೆ ಗುಂಡನ್ನು ಒತ್ತಿ ಬಾಯಿ ಮುಚ್ಚುವುದು.

ಆಗ ಅವಳು ಬಳಸುತ್ತಿದ್ದ ಮದ್ದು ಅರಳಿನಂತೆ ಹಗುರ. ಒಂದು ಅಳತೆಗೆ ಕೊಳವೆಯ ಮುಕ್ಕಾಲು ಭಾಗ ತುಂಬುತ್ತಿತ್ತು. ಆಗೊಮ್ಮೆ ಈಗೊಮ್ಮೆ ಉಕ್ಕಿ ಮೇಜಿನ ಮೇಲೆ ಚೆಲ್ಲುತ್ತಿತ್ತು. ಚೆಲ್ಲಿದಾಗ ಅವಳು ಲೊಚಗುಟ್ಟುತ್ತಾ ಆ ಕೊಳವೆಯನ್ನು ಬರಿದು ಮಾಡಿ ಹೊಸದಾಗಿ ತುಂಬುತ್ತಿದ್ದಳು. ಈ ಚೆಲ್ಲಾಟ ಅವಳಿಗೆ ಹಿಡಿಸುತ್ತಿರಲಿಲ್ಲ. ಒಂದು ದಿನ ವ್ಯಾಪಾರಿಗೆ ಹೇಳಿಯೇಬಿಟ್ಟಳು.

"ನಿಮ್ಮ ಮದ್ದಿಗೆ ಶಿಸ್ತೇ ಇಲ್ಲ ನೋಡಿ. ಅರ್ಧ ನನ್ನ ಮೇಜಿನ ಪಾಲು."

"ಹಾಗಾದರೆ ಇದನ್ನು ಒಯ್ಯಿರಿ, ಅಮ್ಮಾ. ಚಿಟಿಕೆ ಸಾಕು, ಬಿರುಸು ಅದೇ. ಚೆಲ್ಲುವ ಮಾತೇ ಇಲ್ಲ."

"ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದಿರಿ?"

"ನೀವು ಇವತ್ತೇ ಬೈದದ್ದು," ಎಂದ ವ್ಯಾಪಾರಿ.

ಹೊಸ ಮದ್ದು ಕೊಳವೆಯ ತಳದಲ್ಲಿ ಸಾಸಿವೆಯ ಒಗ್ಗರಣೆಯಷ್ಟು ಕೂತಿತು. ಒಂದು ಕಾಳೂ ಹೊರಗೆ ಬೀಳಲಿಲ್ಲ. ಅತ್ತೆಗೆ ಹಿಗ್ಗೋ ಹಿಗ್ಗು. ಅರ್ಧ ಸಾಲು ಮುಗಿದಿರುವಾಗ ಪಕ್ಕದ ಮನೆಯವಳು ನಾಮಕರಣಕ್ಕೆ ಕರೆಯಲು ಬಂದಳು. ಅವಳಿಗೆ ಕುಂಕುಮ ಕೊಟ್ಟು, ಎರಡು ಮಾತಾಡಿ, ಅತ್ತೆ ಮರಳಿ ಬಂದು ಬಿಟ್ಟಲ್ಲಿಂದಲೇ ಕೆಲಸ ಹಿಡಿದಳು. ಎಲ್ಲಕ್ಕೂ ಗುಂಡು ಒತ್ತಿದಳು. ಮೇಜನ್ನು ಒರೆಸುವ ಕೆಲಸವೇ ಬೀಳಲಿಲ್ಲ.

ಪಂದ್ಯದ ಬೆಳಿಗ್ಗೆ ಸೊಸೆ ಡಬ್ಬಿ ತೆಗೆದುಕೊಂಡಳು.

"ಹೊಸ ಮದ್ದು ಅಲ್ವಾ ಅತ್ತೆ? ಒಂದೆರಡು ಬಿಚ್ಚಿ ನೋಡಲಾ?"

"ನಾನು ತುಂಬಿದ್ದಕ್ಕೆ ನೀನು ಪರೀಕ್ಷೆ ಇಡ್ತೀಯಾ?"

"ಅಯ್ಯೋ, ನಿಮಗೆ ಪರೀಕ್ಷೆ ಇಡೋ ಧೈರ್ಯ ನಿಮ್ಮ ಮೇಷ್ಟರಿಗೂ ಇರಲಿಲ್ಲವಂತೆ!" ಎಂದು ನಗುತ್ತಾ ಸೊಸೆ ಹೊರಟುಹೋದಳು.

ಅತ್ತೆ ಕಾಫಿ ಮಾಡಿಕೊಂಡಳು. ಒಂದು ಗುಟುಕು ಕುಡಿದಳು. ಪಾಕದಷ್ಟು ಸಿಹಿ. ಸಕ್ಕರೆ ಎರಡು ಸಲ ಬಿದ್ದಿತ್ತು. ಮೊದಲ ಸಲ ಹಾಕಿದ್ದು ಎಷ್ಟು ನೆನೆಸಿಕೊಂಡರೂ ನೆನಪಿಗೆ ಬರಲಿಲ್ಲ.

ಲೋಟ ಅವಳ ಕೈಯಲ್ಲೇ ನಿಂತಿತು. ಕುಂಕುಮ ಕೊಟ್ಟು ಬಂದು ಕೂತಾಗ ತಾನು ಯಾವ ಕೊಳವೆಯಿಂದ ಶುರು ಮಾಡಿದೆ? ಅದಕ್ಕೆ ಮೊದಲೇ ಹಾಕಿದ್ದೆನೇ? ಹೊಸ ಮದ್ದಾದರೆ ಆ ಕೊಳವೆಯಲ್ಲಿ ಎರಡಲ್ಲ, ಮೂರು ಚಿಟಿಕೆಯೂ ಉಕ್ಕದೆ ಹಿಡಿಯುತ್ತಿತ್ತು. ಎರಡು ಚಿಟಿಕೆಯ ಕಾಡತೂಸು ಪಿಸ್ತೂಲನ್ನೇ ಸಿಡಿಸುತ್ತದೆ. ಪಿಸ್ತೂಲು ಇರುವುದು ಸೊಸೆಯ ಬಲಗೈಯಲ್ಲಿ, ಕಣ್ಣಿನ ನೇರಕ್ಕೆ.

ಅವಳು ಚಪ್ಪಲಿ ಮರೆತು ಓಡಿದಳು. ಕೆರೆಯ ಏರಿ ಹತ್ತುವಾಗ ಮೈದಾನದಿಂದ ಒಂದು ಸದ್ದು ಕೇಳಿತು. ನಿಂತಳು. ಕೂಗು ಕೇಳಲಿಲ್ಲ. ಮತ್ತೆ ಓಡಿದಳು. ಇನ್ನೊಂದು ಸದ್ದು. ಒಂದೊಂದು ಸದ್ದಿಗೂ ಅವಳ ಜೀವ ಹೋಗಿ ಬಂತು. ಬಂದ ಜೀವ ಮುಂದಿನ ಸದ್ದಿಗೆ ಕಾಯುತ್ತಿತ್ತು. ಈಗಿನದು ಅದಲ್ಲ ಎಂದರೆ, ಅದು ಇನ್ನೂ ಡಬ್ಬಿಯಲ್ಲೇ ಇದೆ ಎಂದರ್ಥ.

ಹಗ್ಗ ಕಟ್ಟಿದ ಬಯಲಿನ ಸುತ್ತ ಊರೇ ನೆರೆದಿತ್ತು. ಅವಳ ಅಚ್ಚುಕಟ್ಟನ್ನು ತಮ್ಮ ಹೆಣ್ಣುಮಕ್ಕಳಿಗೆ ತೋರಿಸಿ ಹೇಳುತ್ತಿದ್ದವರೆಲ್ಲ ಅಲ್ಲಿದ್ದರು. ಹಗ್ಗದ ಬಳಿ ಅತ್ತೆಯ ಕಾಲು ಕಟ್ಟಿತು. ಏನೂ ಆಗಿಲ್ಲದೆಯೂ ಇರಬಹುದು. ಕೂಗಿದ ಮೇಲೆ ಏನೂ ಇಲ್ಲವೆಂದು ತಿಳಿದರೆ? ಸೊಸೆ ಇನ್ನೇನು ಗೆಲ್ಲುವವಳಿದ್ದಳು. ಅವಳ ತೋಳು ಮೆಲ್ಲಗೆ ಮೇಲೆದ್ದಿತು.

"ಇಳಿಸು!" ಎಂದು ಅತ್ತೆ ಕಿರುಚಿದಳು. "ಕೈ ಇಳಿಸು ಮಗಾ! ಏನು ತುಂಬಿದೆನೋ ನನಗೇ ಗೊತ್ತಿಲ್ಲ!"

ಹಿಂದೆ ಯಾರೋ ಕಿಸಕ್ಕೆಂದು ನಕ್ಕರು. ಸೊಸೆ ತೋಳು ಇಳಿಸಿ, ಪಿಸ್ತೂಲನ್ನು ಬರಿದು ಮಾಡಿ ಮೇಜಿನ ಮೇಲಿಟ್ಟಳು. ಪಂದ್ಯ ಬೇರೆಯವರ ಪಾಲಾಯಿತು.

ಮನೆಯಲ್ಲಿ ಇಬ್ಬರೂ ಎದುರುಬದುರು ಕೂತು ಉಳಿದ ಕಾಡತೂಸುಗಳನ್ನೆಲ್ಲ ಬಿಚ್ಚಿದರು. ಒಂದರಿಂದ ಚಿಟಿಕೆ, ಇನ್ನೊಂದರಿಂದ ಚಿಟಿಕೆ. ಕಡೆಕಡೆಗೆ ಅತ್ತೆಯ ಮುಖಕ್ಕೆ ಬಣ್ಣ ಮರಳುತ್ತಿತ್ತು. ಆಗ ಸೊಸೆ ಬಿಚ್ಚಿದ ಒಂದು ಕೊಳವೆಯಿಂದ ಎರಡು ಚಿಟಿಕೆ ಮದ್ದು ಕಾಗದದ ಮೇಲೆ ಸುರಿಯಿತು. ಸೊಸೆ ತನ್ನ ಬಲಗೈಯನ್ನು ಮಡಿಲಿಗೆ ಎಳೆದುಕೊಂಡಳು.

ದೇಚಮ್ಮ ಕತೆ ನಿಲ್ಲಿಸಿದರು.

ಬಿದ್ದಪ್ಪ ತಲೆಯಾಡಿಸಿದ. "ಅಂದರೆ ಹಳೆಯ ಮದ್ದನ್ನೇ ತರಬೇಕು. ಸರಿ. ಆದರೂ ಗುರುಗಳೇ, ಅದು ಆಗಾಗ ಚೆಲ್ಲಿ ದಂಡವಾಗುತ್ತಿತ್ತಲ್ಲ?"

"ಮೇಜಿನ ಮೇಲೆ ಚೆಲ್ಲುತ್ತಿದ್ದದ್ದು ಮದ್ದಲ್ಲ, ಬಿದ್ದಪ್ಪ, ಅವಳ ತಪ್ಪು."