ಹಗ್ಗ ಹಿಡಿಯುವವರು

ಬೊಮ್ಮ ಯಜಮಾನನಾಗಿದ್ದ ಬುಡಕಟ್ಟು ಹಾಡಿಗೂ ಸರ್ಕಾರಕ್ಕೂ ಕಾಡಿನ ಒಪ್ಪಂದವಾಗಿ ಒಂಬತ್ತು ವರ್ಷ. ಸರ್ಕಾರ ಹಾಡಿಯ ಜಮೀನು ಅಳೆದು, ನಕ್ಷೆ ಬರೆದು ಕೊಡಬೇಕಿತ್ತು. ಒಂದು ಗೂಟವನ್ನೂ ಯಾರೂ ನೆಟ್ಟಿರಲಿಲ್ಲ. ಆದರೂ ಒಂದು ದಿನ ದೊಡ್ಡ ಸಾಹೇಬರು ಜೀಪಿನಲ್ಲಿ ಬಂದಿಳಿದರು.

"ಒಪ್ಪಂದ ಪೂರ್ತಿ ಜಾರಿಯಾಗಿದೆ ಅಂತ ಈ ಕಾಗದಕ್ಕೆ ಹೆಬ್ಬೆಟ್ಟು ಒತ್ತು. ನಕ್ಷೆ ಆಮೇಲೆ ಬರುತ್ತೆ. ಅರಣ್ಯ, ಕಂದಾಯ, ಸರ್ವೆ, ಮೂರು ಇಲಾಖೆ ನಿಮ್ಮ ಬೆನ್ನಿಗಿರುವಾಗ ಭಯ ಯಾಕಯ್ಯ?" ಎಂದು ಬೊಮ್ಮನನ್ನು ಗದರಿದರು.

"ಒತ್ತೋಣ ಸ್ವಾಮಿ. ನಮ್ಮ ಹಾಡಿಗೆ ಬಂದವರು ನಾವು ಹಗ್ಗ ಹಿಡಿದು ಇಳಿದು ಜೇನು ಕೀಳೋ ಜೇನುಬಂಡೆ ನೋಡದೆ ಹೋಗಬಾರದು," ಎಂದ ಬೊಮ್ಮ, ಅವರನ್ನು ಬಂಡೆಯ ತುದಿಗೆ ಕರೆದೊಯ್ದು ಹಳೆಯ ಬಳ್ಳಿಹಗ್ಗ ಚಾಚಿದ. "ಇಳೀರಿ."

ಸಾಹೇಬರು ಕೆಳಗೆ ಇಣುಕಿದರು. ತಲೆ ಗಿರ್ರೆಂದಿತು. "ಹಗ್ಗ ಯಾರು ಹಿಡೀತಾರೆ?"

"ಮೂರು ಇಲಾಖೆ ಸ್ವಾಮಿ. ಒಬ್ಬರು ರಜೆ, ಒಬ್ಬರು ಮೀಟಿಂಗು, ಇನ್ನೊಬ್ಬರು ಇದು ನನ್ನ ವ್ಯಾಪ್ತಿಗೆ ಬರಲ್ಲ ಅಂತಾರೆ."

ಸಾಹೇಬರು ಎರಡು ಹೆಜ್ಜೆ ಹಿಂದೆ ಸರಿದು ಬೆವರು ಒರೆಸಿಕೊಂಡರು. "ನೀವು ಇಳಿಯುವಾಗ ಹಗ್ಗ ಯಾರ ಕೈಗೆ ಕೊಡ್ತೀರಿ?"

"ಹೆಂಡತಿಯ ತಮ್ಮನ ಕೈಗೆ. ಅವನು ಬಿಟ್ಟರೆ ಅವನ ಅಕ್ಕನೇ ಗಂಡ ಇಲ್ಲದವಳಾಗ್ತಾಳೆ, ಅದಕ್ಕೇ ಬಿಡಲ್ಲ. ನಾವು ಬಿದ್ದರೆ ನಿಮ್ಮಲ್ಲಿ ಯಾರ ಮನೇಲಿ ಅಳ್ತಾರೆ ಹೇಳಿ. ಹಾಗೆ ಅಳೋರು ಇದ್ದರೆ ಅವರ ಮಾತಿಗೆ ಹೆಬ್ಬೆಟ್ಟು ಒತ್ತುತ್ತೀನಿ."

ಸಾಹೇಬರು ಕಾಗದ ಮಡಚಿ ಜೇಬಿಗಿಟ್ಟರು. "ಹೋಗಲಿ, ಆ ನಿನ್ನ ಭಾವಮೈದನನ್ನೇ ಕರೆಸು. ಅವನ ಎದುರೇ ಮಾತಾಡೋಣ," ಎಂದರು.

ಬೊಮ್ಮ ಹಗ್ಗ ಸುತ್ತುತ್ತಾ ತಲೆ ತಗ್ಗಿಸಿದ.

"ನಕ್ಷೆ ಬರುತ್ತೆ ಅಂತ ಕಾದು ಕಾದು ಹೋದ ವರ್ಷ ತೀರಿಕೊಂಡ. ಅವತ್ತಿಂದ ನಾನು ಬಂಡೆ ಇಳಿದಿಲ್ಲ, ಸ್ವಾಮಿ."