ಹಾಲಮ್ಮನಿಗೆ ಬಾರದ ಫೋನು

ದಾವಣಗೆರೆಯಲ್ಲಿ ಒಂದು ಸಣ್ಣ ಕಾರ್ಖಾನೆ. ತಾವಾಗಿ ಕೂರಲಾಗದ ಮಕ್ಕಳಿಗೆ ಅವರವರ ಅಳತೆಗೆ ಕುರ್ಚಿ ಮಾಡಿಕೊಡುವುದು ಅಲ್ಲಿನ ಕೆಲಸ. ಆಫೀಸು ನೋಡಿಕೊಳ್ಳುತ್ತಿದ್ದವಳು ಗಂಗಾಂಬಿಕೆ. ಜಾಣೆ, ಮರುಕದ ಜೀವ.

ಅಲ್ಲೊಂದು ಪದ್ಧತಿ ಇತ್ತು. ವೆಬ್‌ಸೈಟಿನಲ್ಲಿ ಅರ್ಜಿ ಬಂದರೆ ಗಂಗಾಂಬಿಕೆ ಮೊದಲು ಮಗುವಿನ ತಾಯಿಗೆ ಫೋನ್ ಮಾಡುತ್ತಿದ್ದಳು. ಆಮೇಲೆಯೇ ಕಂಪ್ಯೂಟರಿನಲ್ಲಿ ಆ ಕುರ್ಚಿಯ ಪ್ರಾಜೆಕ್ಟ್ ತೆರೆದು, ಬಡಗಿಗೆ, ಹೊಲಿಗೆಯವರಿಗೆ ಕೆಲಸ ಹಂಚುವುದು. ಫೋನಿನಲ್ಲಿ ತಾಯಂದಿರು ಸುಮ್ಮನೆ ಬಿಡುತ್ತಾರೆಯೇ? ಅಳುವವರು, ದೇವರನ್ನು ಬೈಯುವವರು, ಅತ್ತೆಯ ಮೇಲೆ ಚಾಡಿ ಹೇಳುವವರು! ಆದರೆ ಯಾವ ಮಗುವಿಗೆ ಅವಸರ ಎಂಬುದು ಆ ಮಾತುಗಳಲ್ಲೇ ಅವಳಿಗೆ ಗೊತ್ತಾಗುತ್ತಿತ್ತು. ಅಂಥವರ ಕುರ್ಚಿಯನ್ನು ಮುಂದಕ್ಕೆ ಹಾಕುತ್ತಿದ್ದಳು.

ಬರಬರುತ್ತಾ ಅರ್ಜಿಗಳು ರಾಶಿ ಬಿದ್ದವು. "ನಾನು ಫೋನು ಹಿಡಿದು ಕೂತರೆ ಮಕ್ಕಳು ಕಾಯಬೇಕಲ್ಲ" ಎಂದು ಗಂಗಾಂಬಿಕೆಗೆ ಸಂಕಟವಾಯಿತು. ಹಟ ಹಿಡಿದು ಕಲಿತಳು. ವೆಬ್‌ಸೈಟನ್ನೂ ಪ್ರಾಜೆಕ್ಟ್ ತಂತ್ರಾಂಶವನ್ನೂ ಎಪಿಐ ಮೂಲಕ ಜೋಡಿಸಿದಳು. ಎಪಿಐ ಅಂದರೆ ಹೆದರಬೇಡಿ, ಒಂದು ತಂತ್ರಾಂಶ ಇನ್ನೊಂದಕ್ಕೆ ತಾನೇ ಕೆಲಸ ಹೇಳುವ ದಾರಿ, ಅಷ್ಟೆ. ಈಗ ಅರ್ಜಿ ಬಿದ್ದ ಗಳಿಗೆಯಲ್ಲೇ ಪ್ರಾಜೆಕ್ಟ್ ಸಿದ್ಧ, ಬಂದ ಸರದಿಯಂತೆ ಕೆಲಸ, ಮನೆಯವರಿಗೆ ಮೆಸೇಜು. "ಭಲೇ!" ಎಂದರು ಎಲ್ಲರೂ. ಕುರ್ಚಿಗಳೂ ಬೇಗ ಬೇಗ ಹೊರಟವು, ಸುಳ್ಳು ಹೇಳಬಾರದು. ಫೋನ್ ಮಾಡುವುದು ಮಾತ್ರ ನಿಂತುಹೋಯಿತು. ಪ್ರಾಜೆಕ್ಟ್ ಆಗಲೇ ತೆರೆದಿರುವಾಗ ಇನ್ನು ಕೇಳುವುದೇನಿದೆ ಅಂದುಕೊಂಡಳು.

ಹೊನ್ನಾಳಿ ಕಡೆಯ ಹಾಲಮ್ಮ ಮಗಳು ಪೂರ್ವಿಗಾಗಿ ಅರ್ಜಿ ಹಾಕಿದ್ದಳು. ಕೂಸನ್ನು ಮಲಗಿಸಿದರೆ ಉಸಿರು ಕಟ್ಟುತ್ತಿತ್ತು. ಹಗಲೂ ರಾತ್ರಿ ಎದೆಗೊರಗಿಸಿಕೊಂಡು ತಾಯಿ ಕೂತೇ ಇರಬೇಕು. ಅರ್ಜಿ ಎತ್ತರ ಕೇಳಿತ್ತು, ತೂಕ ಕೇಳಿತ್ತು, ಇದನ್ನು ಕೇಳಿರಲಿಲ್ಲ. ಪಾಪ, ಗಂಗಾಂಬಿಕೆಗೆ ಗೊತ್ತಾಗುವುದಾದರೂ ಹೇಗೆ? ಪೂರ್ವಿಯ ಕುರ್ಚಿ ತನ್ನ ಸರದಿಗೆ ಕಾಯುತ್ತಾ ನಿಂತಿತು.

ಕುರ್ಚಿ ಮುಗಿದ ದಿನ ಗಂಗಾಂಬಿಕೆ ತಾನೇ ಗಾಡಿಯಲ್ಲಿಟ್ಟುಕೊಂಡು ಖುಷಿಯಿಂದ ಹೋದಳು. ಹಾಲಮ್ಮ ಬಾಗಿಲಲ್ಲಿ ಕೂತಿದ್ದಳು. ಮಡಿಲು ಬರಿದಾಗಿತ್ತು.

"ತಡ ಮಾಡಿದ್ರಿ ಅಕ್ಕಾರೆ" ಎಂದಳು. ಬೈಯಲಿಲ್ಲ. "ನಮ್ಮ ನೆಂಟರ ಹುಡುಗನಿಗೂ ನೀವೇ ಕುರ್ಚಿ ಕೊಟ್ಟಿದ್ರಿ. ಫೋನ್ ಬರ್ತದೆ, ಕಷ್ಟ ಎಲ್ಲಾ ಹೇಳ್ಕೋ ಅಂದಿದ್ರು. ಮೆಸೇಜ್ ಬಂತು, ಫೋನೂ ಬರ್ತದೆ ಅಂತ ಕಾದೆ. ಒಂದಿನ ಕೂತಲ್ಲೇ ನನಗೆ ಕಣ್ಣು ಹತ್ತಿಬಿಡ್ತು. ತೋಳು ಸಡಿಲಾತು. ಎದ್ದು ನೋಡಿದ್ರೆ ಕೂಸು ಜಾರಿ ಮಲಗಿತ್ತು."

ಗಂಗಾಂಬಿಕೆ ನೆಲದ ಮೇಲೆ ಕುಸಿದು ಹೋ ಎಂದು ಅತ್ತಳು. ಒಂದೇ ಒಂದು ಫೋನು ಮಾಡಿದ್ದರೆ ಈ ಕುರ್ಚಿ ಎಂದೋ ಈ ಮನೆಯಲ್ಲಿರುತ್ತಿತ್ತು. ಹಾಲಮ್ಮನೇ ಅವಳ ಬೆನ್ನು ಸವರಿದಳು.

"ಇದನ್ನ ವಾಪಸ್ ಒಯ್ಯಿರಿ ಅಕ್ಕಾರೆ. ಯಾವುದಾದ್ರೂ ಕೂಸಿಗೆ ಆದೀತು. ಮೊದಲು ಅದರ ತಾಯಿಗೆ ಒಂದು ಫೋನ್ ಮಾಡ್ರಿ."

ನೀತಿ: ಬೇಸರದ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿ, ತಪ್ಪೇನಿಲ್ಲ. ಇನ್ನೊಬ್ಬರ ಕಷ್ಟ ಕೇಳುವ ಕೆಲಸವನ್ನು ಮಾತ್ರ ನೀವೇ ಇಟ್ಟುಕೊಳ್ಳಿ.